ಕಳೆದುಹೋಗದ ಸೋರ್ಸ್ ಕೋಡ್ ಬಗ್ಗೆ ದೂರು

ಮ್ಯಾನೇಜರ್ ಸಾಹೇಬ್ರಿಗೆ ನಮಸ್ಕಾರ,

ಬ್ಯಾಡಗಿ ಎಪಿಎಂಸಿಯಿಂದ ಬರಿಯಾಕತ್ತೀನಿ. ಫೋನ್ ಎಷ್ಟ್ ಸಲ ಮಾಡೀನಿ ಅಂತ ನಿಮ್ಮ ಆಫೀಸಿನ ಹುಡುಗಿಗೆ ಗೊತ್ತೈತಿ, ಈಗೀಗ ನನ್ನ ದನಿ ಕೇಳಿದ ಕೂಡ್ಲೇ ಹೋಲ್ಡ್‌ಗೆ ಹಾಕ್ತಾಳ. ನೀವು ಮಾಡಿಕೊಟ್ಟ ಲೆಕ್ಕದ ಸಾಫ್ಟ್‌ವೇರ್‌ನ್ಯಾಗ ಏಪ್ರಿಲ್ 1ರಿಂದ ರೈತರಿಗೆ ಕೊಡೋ ಪಟ್ಟಿ ಪ್ರಿಂಟ್ ಆಗವಲ್ತು. ರೈತರು ಚೀಲದ ಮ್ಯಾಲೆ ಕುಂತಾರ, ನಾವು ತೂಕ, ರೇಟು, ಹಮಾಲಿ ಎಲ್ಲಾ ಕೈಲೇ ಲೆಕ್ಕ ಹಾಕಿ ಬರದು ಕೊಡಾಕತ್ತೀವಿ.

ಸೋಮವಾರ ವ್ಯಾಪಾರ ಬಿಟ್ಟು ಹುಬ್ಬಳ್ಳಿಗೆ ಬಂದೆ. ಕುಂದ್ರು ಅಂತ ಯಾರೂ ಅನ್ನಲಿಲ್ಲ. ನಿಮ್ಮ ಎಂಜಿನಿಯರ್ ಸಾಹೇಬ್ರು ಮೊಬೈಲ್ ನೋಡ್ಕೋತನ ಅಂದ್ರು, "ಕಾಕಾ, ಪ್ರೋಗ್ರಾಂ ಬರದ ಹುಡುಗ ಹೋದ ವರ್ಷನ ಕೆಲಸ ಬಿಟ್ಟ, ಸೋರ್ಸ್ ಕೋಡ್, ಅಂದ್ರ ಅವ ಬರದ ಮೂಲ ಸಾಲು, ಅವನ ಲ್ಯಾಪ್‌ಟಾಪ್ ಜೋಡಿ ಹೋತು, ಬರೇ ಇಎಕ್ಸ್‌ಇ, ಅಂದ್ರ ಓಡೋ ಫೈಲು, ಉಳದೈತಿ. ಮಿರ್ಚಿ ಭಜಿ ಬಿಡಿಸಿ ಮತ್ತ ಮೆಣಸಿನಗಿಡ ಮಾಡಾಕ ಬರ್ತೈತೇನು?" ಅಲ್ಲಿದ್ದ ನಾಕು ಮಂದಿ ಗಿರಾಕಿ ನಕ್ರು, ಚಾ ತಂದ ಹುಡುಗನೂ ನಕ್ಕ, ಹೆಲ್ಮೆಟ್ ಕೈಯಾಗ ಹಿಡಕೊಂಡು ನಾನೂ ನಕ್ಕೆ, ಅದನ್ನ ನೆನಸಿದ್ರ ಇನ್ನೂ ಹೊಟ್ಟಿ ಉರೀತೈತಿ. ಆಮ್ಯಾಲೆ "ಹೊಸಾದು ಮಾಡಸ್ರಿ" ಅಂತ 80 ಸಾವಿರದ ಕೊಟೇಶನ್ ಮುಂದ ತಳ್ಳಿದ್ರು, ಮೊದಲ ಪ್ರಿಂಟ್ ಮಾಡಿ ಇಟ್ಟಿದ್ರು ಪುಣ್ಯಾತ್ಮರು.

ಸಾಹೇಬ್ರ, ಖಾರಪುಡಿ ಅಂಗೈಯಾಗ ತಿಕ್ಕಿ ಡಬ್ಬಿ ಮೆಣಸಿನಕಾಯಿದೋ ಕಡ್ಡಿ ಮೆಣಸಿನಕಾಯಿದೋ ಹೇಳೋ ಮನಶಾ ನಾನು. ನಮ್ಮ ಅಣ್ಣನ ಮಗ ಎಂಜಿನಿಯರಿಂಗ್ ಓದ್ತಾನ, ಅವ ಐಎಲ್‌ಸ್ಪೈ ಅಂತ ಪುಕ್ಕಟೆ ಸಾಫ್ಟ್‌ವೇರ್ ಹಾಕಿ ನಿಮ್ಮ ಇಎಕ್ಸ್‌ಇ ಬಿಚ್ಚಿದ, ಚಾ ಆರೋದ್ರಾಗ ಕೋಡ್ ಎದುರಿಗೆ ಬಂತು. ಮೈಕ್ರೋಸಾಫ್ಟ್‌ನವರ ಡಾಟ್‌ನೆಟ್‌ನ್ಯಾಗ ಬರದದ್ದಂತ, ಅದಕ್ಕ ಫಂಕ್ಷನ್, ಅಂದ್ರ ಒಂದೊಂದು ಕೆಲಸದ ಕೋಡ್ ತುಂಡಿನ, ಹೆಸರು ಸೈತ ಹಂಗ ಅದಾವ, ಕಾಮೆಂಟು ಮತ್ತ ಒಳಗಿನ ಸಣ್ಣ ವೇರಿಯೇಬಲ್ ಹೆಸರು ಅಷ್ಟ ಹೋಗ್ಯಾವ. ಸಿ ಪ್ಲಸ್ ಪ್ಲಸ್ ಭಾಷಾದಾಗ ಬರದದ್ದಾಗಿದ್ರ ಗಿಡ್ರಾ ಅನ್ನೋ ಬ್ಯಾರೆ ಸಾಫ್ಟ್‌ವೇರ್ ಹಚ್ಚಿ ಒದ್ದಾಡಬೇಕಿತ್ತಂತ, ಆಗಿದ್ರ ನಿಮ್ಮ ಭಜಿ ಮಾತು ಒಂಚೂರಾರ ಒಪ್ಪತಿದ್ದೆ.

ದೀಪಾವಳಿ ಮುಂದ ತಗದಿಟ್ಟ ಬ್ಯಾಕಪ್ಪೂ ಪೆನ್‌ಡ್ರೈವ್‌ನ್ಯಾಗ ಇತ್ತು. ಅದನ್ನೂ, ಜನವರಿದಾಗ ನಿಮ್ಮವ್ರು ಬಂದು ಹಾಕಿ ಹೋದದ್ದನ್ನೂ ಬಿಚ್ಚಿ ಬಾಜೂಕ್ಕ ಇಟ್ಟು ನೋಡಿದ್ವಿ. ಹೊಸದರಾಗ ಒಂದ ಫಂಕ್ಷನ್ ಹೆಚ್ಚಿಗಿ ಐತಿ: ಮಾರ್ಚ್ 31 ದಾಟಿದ್ರ ಪ್ರಿಂಟ್ ಬಂದ್. ಸೋರ್ಸ್ ಕೋಡ್ ಹೋದ ವರ್ಷನ ಕಳದಿದ್ರ, ಜನವರಿದಾಗ ಇದನ್ನ ಬರದವ್ರು ಯಾರ್ರಿ? ಲ್ಯಾಪ್‌ಟಾಪ್ ತಾನ ನಡಕೊಂತ ವಾಪಸ್ ಬಂತೇನು?

ಸೋರ್ಸ್ ಕೋಡ್ ಜೋಪಾನ ಇಡ್ತೀವಿ ಅಂತ ಅಗ್ರಿಮೆಂಟ್‌ನ್ಯಾಗ ಬರದವ್ರು ನೀವ, ಯಾವ ಕಲಂ ಅಂತ ನಾ ಹೇಳೂದು ಬ್ಯಾಡ. ಎಂಟು ದಿನ ಟೈಮ್ ಕೊಟ್ಟೀನಿ. ಆ ಸಾಲು ತಗದು ಪ್ರೋಗ್ರಾಂ ಚಾಲೂ ಮಾಡ್ರಿ, ಇಲ್ಲಾಂದ್ರ ಹಾವೇರಿ ಗ್ರಾಹಕರ ಕೋರ್ಟು ನಮಗೇನು ದೂರ ಇಲ್ಲ. ಅದಕ್ಕಿಂತ ಮೊದಲ ಎರಡೂ ಕೋಡ್ ಪ್ರಿಂಟ್ ತಗದು, ಆ ಸಾಲಿಗೆ ಕೆಂಪು ಗೆರಿ ಎಳದು, ಮಾರ್ಕೆಟ್‌ನ್ಯಾಗ ನಿಮ್ಮ ಸಾಫ್ಟ್‌ವೇರ್ ಇಟ್ಟ ಅಂಗಡಿಗೆಲ್ಲಾ ಒಂದೊಂದು ಕಾಪಿ ಹಂಚ್ತೀನಿ. ಉಳದ ಹಾಳಿ ಭಜಿ ಅಂಗಡ್ಯಾಂವಗ ಕೊಡ್ತೀನಿ, ಕಟ್ಟಿ ಕೊಡಾಕ ಬೇಕಾಗ್ತಾವ.