ಅಜ್ಜಿಯ ಮೂಗುಬೊಟ್ಟು, ಹಳದಿ ಹರಳು

ಪ್ರೀತಿಯ ಮಗಳೇ,

ಅಜ್ಜಿಯ ಮೂಗುಬೊಟ್ಟು ಬೇಡ ಅಂದೆಯಂತೆ. ನಿಶ್ಚಿತಾರ್ಥದ ದಿನ ಯಾರೋ ‘ವಜ್ರ ಹಳದಿ ಹೊಡೆಯುತ್ತೆ’ ಅಂದರು ಅಂತ ನಿನ್ನ ಚಿಕ್ಕಮ್ಮ ಹೇಳಿದಳು. ಅದಕ್ಕೇ ಈ ಪತ್ರ.

ಹಳದಿ ಇದೆ, ನಿಜ. ಅದು ಕೊಳೆಯಲ್ಲ, ಹಳೆಯದಾಗಿ ಬಂದ ಬಣ್ಣವೂ ಅಲ್ಲ. ವಜ್ರ ಅಂದರೆ ಇಂಗಾಲ. ಭೂಮಿಯ ಆಳದಲ್ಲಿ ಅದು ಹರಳುಗಟ್ಟುವಾಗ ಒಂದಿಷ್ಟು ಸಾರಜನಕ ಸೇರಿಕೊಂಡರೆ ಹಳದಿ ಬರುತ್ತದೆ. ಬೋರಾನ್ ಸೇರಿದರೆ ನೀಲಿ. ಅಂಗಡಿಯವರು ಡಿ ಯಿಂದ ಝಡ್‌ವರೆಗೆ ಅಕ್ಷರ ಹಚ್ಚುತ್ತಾರೆ. ಡಿ ಅಂದರೆ ಬಣ್ಣವೇ ಇಲ್ಲದ್ದು, ಝಡ್ ಕಡೆಗೆ ಹೋದಷ್ಟೂ ಹಳದಿ ಜಾಸ್ತಿ, ಬೆಲೆ ಕಡಿಮೆ. ಝಡ್ ದಾಟಿ ಇನ್ನೂ ಗಾಢವಾದರೆ ಅದೇ ಹಳದಿಗೆ ಬೆಲೆ ಏರುತ್ತದೆ. ಇದೆಲ್ಲ ವ್ಯಾಪಾರದ ಲೆಕ್ಕ ಅಷ್ಟೇ, ಅಲ್ವಾ?

ಹಳೆಯ ರತ್ನಶಾಸ್ತ್ರಗಳಂತೂ ಬಣ್ಣ ನೋಡಿ ವಜ್ರಕ್ಕೂ ವರ್ಣ ಹಂಚಿದ್ದವು. ಬಿಳಿಯದು ಬ್ರಾಹ್ಮಣರಿಗೆ, ಕಪ್ಪು ಛಾಯೆಯದು ಶೂದ್ರರಿಗೆ. ಓದಿದಾಗ ನನಗೆ ಸಿಟ್ಟೇ ಬಂತು. ಮಣ್ಣಿನಿಂದ ಬಂದ ಕಲ್ಲಿಗೆ ಎಂಥ ಮೇಲು ಕೀಳು?

ನಮ್ಮ ಸೀಮೆಗೆ ವಜ್ರ ಹೊಸದಲ್ಲ. 1520ರ ಸುಮಾರಿಗೆ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸರ ಡೊಮಿಂಗೊ ಪಾಯಸ್, ಅಲ್ಲಿನ ಪೇಟೆಯಲ್ಲಿ ವಜ್ರ, ಮಾಣಿಕ್ಯ, ಪಚ್ಚೆ, ಮುತ್ತು ಮಾರುತ್ತಿದ್ದುದನ್ನು ಬರೆದಿದ್ದಾನೆ. ಬಳ್ಳಾರಿ ಪಕ್ಕದ ಅನಂತಪುರ ಜಿಲ್ಲೆಯಲ್ಲಿ ವಜ್ರಕರೂರು ಇದೆ. ಆ ಕಡೆ ಮುಂಗಾರು ಮಳೆ ಬಿದ್ದ ಮೇಲೆ ಈಗಲೂ ಜನ ಹೊಲಗಳಲ್ಲಿ ಹರಳು ಹುಡುಕುತ್ತಾರೆ.

ನಿಮ್ಮಜ್ಜಿಗೆ ವಜ್ರ ಅಂದರೆ ಶುಕ್ರನ ಕಲ್ಲು. ನನಗೆ ಗ್ರಹದ ಮಾತಿನಲ್ಲಿ ಅಷ್ಟು ನಂಬಿಕೆಯಿಲ್ಲ. ದಧೀಚಿ ತನ್ನ ಎಲುಬನ್ನೇ ಬಿಟ್ಟುಕೊಟ್ಟ, ಅದರಿಂದ ಇಂದ್ರನ ವಜ್ರಾಯುಧ ಆಯಿತು ಅನ್ನುವ ಕಥೆ ಇದೆಯಲ್ಲ, ಅದು ಇಷ್ಟ. ಅಜ್ಜಿಯೂ ಹಾಗೇ. ನನ್ನ ಓದಿಗೆ ಬಳೆ ಮಾರಿದಳು, ಸರ ಮಾರಿದಳು. ಉಳಿದದ್ದು ಈ ಮೂಗುಬೊಟ್ಟು. ಇದನ್ನು ಲಾಕರಿನಲ್ಲಿ ಇಡಬೇಡ, ದಿನಾ ಹಾಕಿಕೋ.

ಹಾಕಿಕೊಂಡರೆ ಮಂಕಾಗುತ್ತದೆ, ಹೆದರಬೇಡ. ವಜ್ರಕ್ಕೆ ಎಣ್ಣೆ ಜಿಡ್ಡು ಬೇಗ ಅಂಟುತ್ತದೆ. ಒಗ್ಗರಣೆಯ ಹೊಗೆ, ಮುಖದ ಕ್ರೀಮು ಸಾಕು. ಉಗುರುಬೆಚ್ಚಗಿನ ನೀರಿಗೆ ಪಾತ್ರೆ ತೊಳೆಯುವ ಲಿಕ್ವಿಡ್ ಎರಡು ಹನಿ ಹಾಕು. ಸ್ವಲ್ಪ ಹೊತ್ತು ನೆನೆಸಿ, ಮೆತ್ತನೆಯ ಬ್ರಶ್ಶಿನಿಂದ ಹಿಂಬದಿಯನ್ನೂ ಉಜ್ಜು. ಸಿಂಕಿನ ಮೇಲೆ ಮಾತ್ರ ತೊಳೆಯಬೇಡ. ನಿನ್ನ ಬೆಂಡೋಲೆಯನ್ನು ಮಾತ್ರ ಹೀಗೆ ನೆನೆಸಬಾರದು. ಅದರ ಹಿಂಬದಿ ಮುಚ್ಚಿದೆ, ಹರಳಿನ ಕೆಳಗೆ ತೆಳು ತಗಡಿದೆ. ನೀರು ಇಳಿದರೆ ಆ ತಗಡು ಕಪ್ಪಾಗಿ ಹರಳಿನ ಹೊಳಪೇ ಹೋಗುತ್ತದೆ. ಒಣ ಬಟ್ಟೆಯಿಂದ ಒರೆಸು ಸಾಕು.

ವಜ್ರ ಗಟ್ಟಿ ಅಂತ ಎಲ್ಲೆಂದರಲ್ಲಿ ಎಸೆಯಬೇಡ. ಗೀರು ಬೀಳುವುದು ಕಷ್ಟ, ಆದರೆ ಸರಿಯಾದ ಜಾಗಕ್ಕೆ ಪೆಟ್ಟು ಬಿದ್ದರೆ ಸೀಳುತ್ತದೆ. ಬೇರೆ ಒಡವೆಗಳ ಜೊತೆ ಒಂದೇ ಡಬ್ಬಿಯಲ್ಲಿ ಇಟ್ಟರೆ ಅವಕ್ಕೆ ಗೀರು ಹಾಕುತ್ತದೆ.

ತಿರುಪು ಸ್ವಲ್ಪ ಸಡಿಲ ಇದ್ದಂತಿದೆ. ಮುಂದಿನ ವಾರ ಊರಿಗೆ ಬಂದಾಗ ಪತ್ತಾರರ ಹತ್ತಿರ ಹೋಗಿ ಬಿಗಿ ಮಾಡಿಸೋಣ. ಅಲ್ಲಿಯವರೆಗೆ ಮಲಗುವಾಗ ತೆಗೆದಿಡು.

ನಿನ್ನ ಅಮ್ಮ
ಬಳ್ಳಾರಿ