ಕಾಕುವಿನ ಚಿಲ್ಲರೆ ಸಂಚಿ

ದೋಸ್ತಾ,

ಈ ಪತ್ರದ ಜೊತೆ ಬಂದ ಪೊಟ್ಟಣಕ್ಕೆ ಕತ್ತರಿ ಹಾಕಬೇಡ. ಟೇಪನ್ನು ಉಗುರಿನಿಂದ ಮೆಲ್ಲಗೆ ಬಿಡಿಸು. ಒಳಗಿರುವುದು ನೂಲು. ಆತುರದಲ್ಲಿ ಒಂದು ಎಳೆ ಕತ್ತರಿಸಿದೆಯೋ, ನನ್ನ ಮೂರು ವಾರ ಹೋಯಿತೆಂದು ತಿಳಿ.

ಕಳೆದ ತಿಂಗಳು ಫೋನಿನಲ್ಲಿ ಗೊಣಗಿದ್ದೆಯಲ್ಲ: "ದಿನಾ ಸಂಜಿಗೆ ಅವ್ವ ಆ ಹಳೇ ಡಬ್ಬಿ ಹಾಸಿಗಿ ಮ್ಯಾಲೆ ಸುರುವಿಕೊಂಡು ಕೂಡ್ತಾಳ. ಚಲಾವಣೆ ಇಲ್ಲದ ರೊಕ್ಕ ಎಣಿಸಿ ಏನ್ ಮಾಡೂದೈತಿ? ಪುಣೆದಾಗ ಕೊತ್ತಂಬರಿ ಸಿವುಡೂ ಫೋನಿನ್ಯಾಗ ಬರ್ತದ." ಚೆಂದದ ಜಿಪ್ ಪರ್ಸ್ ತಂದುಕೊಟ್ಟರೂ ನಿನ್ನ ಅವ್ವ, ಅಂದರೆ ನನ್ನ ಕಾಕು, ಅದನ್ನು ಮುಟ್ಟುತ್ತಿಲ್ಲ ಅಂತ ಬೇಜಾರೂ ಮಾಡಿಕೊಂಡಿದ್ದೆ. ಮರುದಿನವೇ ಅವರು ನಿನ್ನ ಮಗಳ ಕೈಯಲ್ಲಿ ನನಗೆ ಫೋನ್ ಹಚ್ಚಿಸಿದ್ದರು. ನಿನಗೆ ಹೇಳಬೇಡ ಅಂದಿದ್ದರು, ಈಗ ಹೇಳುತ್ತಿದ್ದೇನೆ. "ಜಿಪ್ಪಿನ ಕೊಂಡಿ ಹಿಡೀಲಿಕ್ಕೆ ಬೆರಳು ಕೂಡೂದಿಲ್ಲಪಾ. ಡಬ್ಬಿ ಮುಚ್ಚಳಾನೂ ಏಳೂದಿಲ್ಲ. ನನಗೊಂದು ಲಾಡಿ ಚೀಲ ಹಾಕ್ಕೊಡ್ತೀಯೇನು? ನಿನಗ ಕಲಿಸಿದ್ನೆಲಾ."

ಕಲಿಸಿದ್ದು ನಿಜ. 1986ರ ಬೇಸಿಗೆ, ನಾನು ಪೇರಲ ಗಿಡದಿಂದ ಬಿದ್ದು ಬಲಗಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡು ನಿಮ್ಮ ಧಾರವಾಡದ ಮನೆಯ ಕಟ್ಟೆಯ ಮೇಲೆ ಕೂತಿರುತ್ತಿದ್ದೆ. ನೀವೆಲ್ಲ ಓಣಿಯಲ್ಲಿ ಆಡುತ್ತಿದ್ದಿರಿ, ನಾನು ಸ್ಕೋರ್ ಬರೆಯುತ್ತಿದ್ದೆ. ಓವರಿಗೆ ಆರು ಚುಕ್ಕೆ, ಎರಡು ಓವರಿಗೊಂದು ಜಗಳ. ನಿನ್ನನ್ನು ರನ್‌ಔಟ್ ಎಂದು ಬರೆದ ದಿನ ನೀನು ವಹಿಯನ್ನೇ ಬಾವಿಗೆ ಎಸೆಯಲು ಹೊರಟಾಗ ಕಾಕು ಹೊರಗೆ ಬಂದರು. ನನ್ನ ಕೈಯಿಂದ ಪೆನ್ಸಿಲ್ ಕಿತ್ತುಕೊಂಡು ತುದಿಗೆ ಕೊಕ್ಕೆಯಿರುವ ಸ್ಟೀಲಿನ ಕ್ರೋಶಾ ಕಡ್ಡಿ ಇಟ್ಟರು. "ಇದನ್ನ ಎಣಿಸು. ಇದರಾಗ ಯಾರೂ ಜಗಳಕ್ಕ ಬರೂದಿಲ್ಲ."

ಮೊದಲ ವಾರವೆಲ್ಲ ಬರೀ ಸರಪಳಿ. ಕಟ್ಟೆಯಿಂದ ತುಳಸಿ ಬೃಂದಾವನದವರೆಗೆ ಹೋಗಿ ಬರುವಷ್ಟು ಉದ್ದ ಹಾಕಿದ್ದೆ. ಏಪ್ರಿಲ್ 18ಕ್ಕೆ ಶಾರ್ಜಾದಲ್ಲಿ ಮಿಯಾಂದಾದ್ ಕೊನೆಯ ಚೆಂಡಿಗೆ ಸಿಕ್ಸರ್ ಹೊಡೆದ ಸಿಟ್ಟಿಗೆ ಅಷ್ಟನ್ನೂ ಬಿಚ್ಚಿಬಿಟ್ಟೆ. ಕ್ರೋಶಾದ ಗುಣವೇ ಅದು. ಸ್ವೆಟರ್ ಹೆಣಿಗೆಯಲ್ಲಿ ಸಾಲು ಸಾಲು ಕುಣಿಕೆಗಳು ಕಡ್ಡಿಯ ಮೇಲೆ ಕೂತಿರುತ್ತವೆ, ಇಲ್ಲಿ ಜೀವಂತವಾಗಿರುವುದು ಒಂದೇ ಕುಣಿಕೆ. ಅದನ್ನು ಬಿಟ್ಟು ಎಳೆದರೆ ಸರ್ರನೆ ಬುಡದವರೆಗೆ ಬರುತ್ತದೆ. ಜೂನಿನಲ್ಲಿ ಶಾಲೆ ಶುರುವಾದಾಗ ಹುಡುಗರು ನಕ್ಕರು, ನಾನು ಕಡ್ಡಿ ಬಿಟ್ಟೆ. ನೀನೂ ನಕ್ಕಿದ್ದೆ. ನೆನಪಿಲ್ಲ ಅನ್ನಬೇಡ.

ಇಷ್ಟು ವರ್ಷಗಳ ಮೇಲೆ ಮತ್ತೆ ಕೂತಾಗ ಕೈ ಮರೆತಿರಲಿಲ್ಲ, ತಲೆ ಮರೆತಿತ್ತು. ಯೂಟ್ಯೂಬಿನಲ್ಲಿ ಒಂದು ಹೂವಿನ ಚೀಲ ಹುಡುಕಿಕೊಂಡೆ. ಮೊದಲ ಸುತ್ತಿಗೆ 12 ಡಬಲ್ ಕ್ರೋಶಾ, ಆಮೇಲೆ ಸುತ್ತಿಗೆ 12ರಂತೆ ಹೆಚ್ಚಿಸುತ್ತ ಹೋಗಿ ಎಂದರು. ಡಬಲ್ ಎಂದರೆ ಕಾಕು ಹೇಳಿಕೊಟ್ಟ ಗಿಡ್ಡ ಕಂಬ, ಅಂದರೆ ಗಿಡ್ಡ ಹೊಲಿಗೆ ತಾನೇ? ಹಾಕುತ್ತ ಹೋದೆ. ನಾಲ್ಕನೇ ಸುತ್ತಿಗೆ ಅಂಚು ಏಳತೊಡಗಿತು. ಏಳನೆಯದಕ್ಕೆ ಅದು ಚೀಲದ ತಳವಾಗಿರಲಿಲ್ಲ, ಎಣ್ಣೆಗೆ ಬಿಟ್ಟ ಹಪ್ಪಳವಾಗಿತ್ತು. ಒಂದು ದಿನ ತಲೆ ಕೆಡಿಸಿಕೊಂಡ ಮೇಲೆ ಗುಟ್ಟು ತಿಳಿಯಿತು. ಕಾಕು ಕಲಿತದ್ದು ಬ್ರಿಟಿಷ್ ಲೆಕ್ಕದ ಪುಸ್ತಕದಿಂದ, ವೀಡಿಯೋ ಅಮೆರಿಕದ ಲೆಕ್ಕದ್ದು. ಬ್ರಿಟಿಷರ ಡಬಲ್ ಅಮೆರಿಕದವರಿಗೆ ಸಿಂಗಲ್. ಅಮೆರಿಕದವರ ಡಬಲ್ ಬ್ರಿಟಿಷರಿಗೆ ಟ್ರೆಬಲ್, ಅಂದರೆ ಎತ್ತರದ ಕಂಬ. ಎತ್ತರದ ಕಂಬಕ್ಕೆ ಸುತ್ತಿಗೆ 12 ಹೆಚ್ಚಿಸಿದರೆ ಚಪ್ಪಟೆ ಕೂರುತ್ತದೆ, ಗಿಡ್ಡ ಕಂಬಕ್ಕೆ ಆರು ಸಾಕು. ನಾನು ಗಿಡ್ಡ ಕಂಬಕ್ಕೆ 12 ಹಾಕಿದ್ದೆ. ಅಷ್ಟು ಮಂದಿಗೆ ಜಾಗ ಎಲ್ಲಿ? ಅಂಚು ಮಡಿಚಿಕೊಂಡು ಅಲೆಯಾಗಿ ಎದ್ದಿತ್ತು.

ನಗಬೇಡ. ಲಾಟ್ವಿಯಾ ಮೂಲದ ಗಣಿತಜ್ಞೆ ಡೈನಾ ಟೈಮಿನಾ 1997ರಲ್ಲಿ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಇಂಥದ್ದೇ ಹಪ್ಪಳವನ್ನು ಬೇಕೆಂದೇ ಹೆಣೆದು ಹೀಗೆ ಅಲೆಯಾಗಿ ಏಳುವ ಮೇಲ್ಮೈಗಳ ಲೆಕ್ಕವಾದ ಹೈಪರ್ಬೋಲಿಕ್ ಜ್ಯಾಮಿತಿಯನ್ನು ಕೈಯಲ್ಲಿ ಹಿಡಿದು ನೋಡುವಂತೆ ಮಾಡಿದರು. ನನ್ನದು ಸದ್ಯ ಟೀ ಲೋಟದ ಕೆಳಗಿದೆ. ಲೋಟ ಓಲಾಡುತ್ತದೆ.

ಎರಡನೆಯದು ಸರಿಬಂತು. ಗುಲಾಬಿ ಬಣ್ಣದ ಅಕ್ರಿಲಿಕ್ ಉಲ್ಲನ್, ಆರು ಎಸಳಿನ ಹೂವು, ಹಸಿರು ಎಲೆ, ನಡುವೆ ಮುತ್ತು. ಆಫೀಸಿನಲ್ಲಿ ತೋರಿಸಿದರೆ ಎಲ್ಲರೂ ಫೋಟೋ ತೆಗೆದುಕೊಂಡರು. ಇನ್ನೇನು ಪಾರ್ಸೆಲ್ ಮಾಡಬೇಕು, ಅಷ್ಟರಲ್ಲಿ ಒಂದು ರಾತ್ರಿ ಕರೆಂಟು ಹೋಯಿತು. ಮೇಜಿನ ಮೇಲಿದ್ದ ಚೀಲದಲ್ಲಿ ಕೀಲಿಕೈ ಹುಡುಕಲು ಕೈ ಹಾಕಿದೆ. ಹೂವು ಎಲ್ಲಿದೆ, ಬಾಯಿ ಯಾವ ಕಡೆ, ಏನೂ ತಿಳಿಯಲಿಲ್ಲ. ಎಲೆ ಯಾವುದು ಎಸಳು ಯಾವುದು ಗೊತ್ತಾಗಲಿಲ್ಲ. ಒಳಗಿನ ಕುಣಿಕೆಗೆ ಉಂಗುರ ಸಿಕ್ಕಿಕೊಂಡಿತು. ಗ್ಲಾಕೋಮಾದಿಂದ ಕಾಕುವಿಗೆ ಈಗ ಬೆಳಕು ನೆರಳು ಬಿಟ್ಟರೆ ಹೆಚ್ಚೇನೂ ಕಾಣುವುದಿಲ್ಲ ಎಂದು ನೀನೇ ಹೇಳಿದ್ದೆ. ನಾನು ಗುಲಾಬಿ ಬಣ್ಣ ಆರಿಸುತ್ತ ಕೂತಿದ್ದೆ!

ಅವರು ಸಂಜೆ ಸಂಜೆ ಆ ಚಿಲ್ಲರೆ ಸುರುವಿಕೊಂಡು ಏನು ಮಾಡುತ್ತಾರೆ ಎನ್ನುವುದೂ ಅವತ್ತೇ ಹೊಳೆಯಿತು. ನನ್ನ ಡ್ರಾಯರಿನಲ್ಲಿದ್ದ ಹಳೆಯ ಪೈಸೆಗಳನ್ನು ತೆಗೆದು ಕಣ್ಣು ಮುಚ್ಚಿಕೊಂಡು ಸವರಿ ನೋಡಿದೆ, ನೀನೂ ಒಮ್ಮೆ ನೋಡು. ಐದು ಪೈಸೆ ಚೌಕ, ಮೂಲೆ ಮಾತ್ರ ದುಂಡಗೆ. ಹತ್ತು ಪೈಸೆಯ ಅಂಚು ಹೂವಿನ ಹಾಗೆ ಅಲೆಅಲೆ. ಎರಡು ಪೈಸೆಯದೂ ಅಲೆಯೇ, ಆದರೆ ಪುಟ್ಟದು. ಅಲ್ಯೂಮಿನಿಯಂನ 20 ಪೈಸೆಗೆ ಆರು ಮೂಲೆ. 1968ರಿಂದ ಕೆಲವು ವರ್ಷ ಬಂದ ತಾವರೆಯ 20 ಪೈಸೆ ಮಾತ್ರ ದುಂಡು, ಹಿತ್ತಾಳೆಯ ಬಣ್ಣ, ಅಂಗೈಗೆ ತೂಕ. ಕಾಕು ಲಕ್ಷ್ಮೀ ಪೂಜೆಗೆ ತಟ್ಟೆಯಲ್ಲಿಡುತ್ತಿದ್ದರಲ್ಲ, ಅದೇ. ಓದು ಬರದವರೂ ಕತ್ತಲಲ್ಲಿ ಲೆಕ್ಕ ಹಾಕಬಹುದಾದ ದುಡ್ಡು. 25 ಪೈಸೆ ಮತ್ತು ಅದರ ಕೆಳಗಿನವೆಲ್ಲ 2011ರ ಜೂನ್ ಮುಗಿಯುವಾಗ ಚಲಾವಣೆಯಿಂದ ಹೋದವು, ಅವುಗಳ ಜೊತೆ ಆ ಆಕಾರಗಳೂ ಹೋದವು. ಈಗಿನ ಹೊಸ ಒಂದು, ಎರಡು, ಐದು, ಹತ್ತು ರೂಪಾಯಿ ಎಲ್ಲವೂ ದುಂಡು, ಗಾತ್ರ ತೂಕದಲ್ಲಷ್ಟೇ ಹೆಚ್ಚುಕಡಿಮೆ. 2019ರಲ್ಲಿ ದೃಷ್ಟಿದೋಷ ಇರುವವರಿಗೆ ಅನುಕೂಲವಾಗಲೆಂದು ಹೊಸ ಸರಣಿ ಬಂದಾಗ 20 ರೂಪಾಯಿಗೆ ಮಾತ್ರ 12 ಅಂಚು ಕೊಟ್ಟರು.

ನಿನ್ನ ಪಾಲಿಗೆ ಅದು ಚಲಾವಣೆ ಇಲ್ಲದ ರೊಕ್ಕ. ಅವರ ಪಾಲಿಗೆ ಯಾರನ್ನೂ ಕರೆಯದೆ, ಇದ್ಯಾವುದು ಅಂತ ಕೇಳದೆ ತಾವೇ ಗುರುತು ಹಿಡಿಯಬಲ್ಲ ವಸ್ತು ಆ ಮನೆಯಲ್ಲಿ ಇನ್ನೆಷ್ಟಿವೆ ಹೇಳು? ರಿಮೋಟ್ ನುಣುಪು, ಫೋನ್ ನುಣುಪು, ಒಲೆ ಕೂಡ ಗಾಜು.

ಸರಿ, ಮೂರನೆಯ ಚೀಲ. ಬೆರಳಿಗಾಗಿ.

ಯಾವ ಹೂವು ಎಂದು ಯೋಚಿಸಬೇಕಾಗಲಿಲ್ಲ. ಬಾವಿಯ ಪಕ್ಕ ನಿಮ್ಮ ನಂದಿಬಟ್ಟಲು ಇತ್ತಲ್ಲ, ಒಂಟಿ ಸುತ್ತಿನದು. ಕಾಕು ನಸುಕಿನಲ್ಲೇ ಎದ್ದು ದೀಪವಿಲ್ಲದೆ ಬುಟ್ಟಿ ತುಂಬಿಸುತ್ತಿದ್ದರು. ಅಂದಮೇಲೆ ಆ ಹೂವು ಅವರ ಕೈಗೆ ಆವಾಗಿನಿಂದಲೂ ಗೊತ್ತು. ಎಸಳು ಐದು, ಆರಲ್ಲ. ಎಲ್ಲ ಎಸಳೂ ಒಂದೇ ಕಡೆ ವಾಲಿಕೊಂಡು ಗಿರಗಿಟ್ಲೆಯ ಹಾಗಿರುತ್ತವೆ. ಕ್ರೋಶಾದವರಿಗೆ ಆರರ ಮೇಲೆ ಪ್ರೀತಿ. ಗಿಡ್ಡ ಕಂಬ ಆರರಿಂದ ಶುರುವಾಗಿ 12, 18, 24 ಎಂದು ಏರಿದರೆ ತಟ್ಟೆಯಂತೆ ಚಪ್ಪಟೆ ಬರುತ್ತದೆ, ಅದಕ್ಕೆ ವೀಡಿಯೋದ ಹೂವುಗಳಲ್ಲೂ ಬಹಳಷ್ಟಕ್ಕೆ ಆರೇ ಎಸಳು. ನನಗೂ ಸ್ಕೋರರ್ ಕಾಲದಿಂದ ಆರೇ ಅಭ್ಯಾಸ. ಹಟ ಹಿಡಿದು ಐದರಿಂದ ಶುರುಮಾಡಿದೆ: 5, 10, 15, 20. ಸುತ್ತಿಗೆ ಒಂದೊಂದು ಕಂಬ ಕಡಿಮೆಯಾದ್ದರಿಂದ ಅಂಚಿನ ಉದ್ದ ಚೂರು ಸಾಲದೆ ತಳ ತಾನಾಗಿ ಒಳಕ್ಕೆ ಬಾಗತೊಡಗಿತು. ಚಪ್ಪಟೆಯಾಗಬೇಕಿದ್ದದ್ದು ಬಟ್ಟಲಾಯಿತು! ಆ ಹೂವಿಗೆ ಬಟ್ಟಲು ಅಂತ ಹೆಸರಿಟ್ಟವರಿಗೆ ಈ ಲೆಕ್ಕ ಗೊತ್ತಿರಲಾರದು. ನನಗಂತೂ ರಾತ್ರಿ ಹನ್ನೊಂದಕ್ಕೆ ಎದ್ದು ಯಾರಿಗಾದರೂ ಹೇಳಬೇಕೆನಿಸಿತು. ಮನೆಯಲ್ಲಿ ಎಲ್ಲರೂ ಮಲಗಿದ್ದರು.

ಹೆಚ್ಚಿಸುವ ಕಂಬಗಳನ್ನು ಪ್ರತಿ ಸುತ್ತಿನಲ್ಲೂ ಒಂದರ ಮೇಲೊಂದು ಬರುವಂತೆ ಇಟ್ಟೆ. ಹಾಗಿಟ್ಟರೆ ತಳ ವೃತ್ತವಾಗದೆ ಐದು ಮೂಲೆಯಾಗುತ್ತದೆ, ಬೆರಳಿಗೆ ಒಂದೊಂದು ಮೂಲೆಯೂ ಏಣಿನಂತೆ ಸಿಗುತ್ತದೆ. 12 ಸುತ್ತು ಮುಗಿದಾಗ 60 ಮನೆ, ಅಂದರೆ 60 ಕಂಬ. ಅಲ್ಲಿಂದ ಹೆಚ್ಚಿಸದೆ 16 ಸುತ್ತು ನೇರ ಗೋಡೆ. ಉಲ್ಲನ್ ಬಿಟ್ಟು ಹತ್ತಿ ನೂಲು ತಂದಿದ್ದೆ, ನಾಣ್ಯದ ಭಾರಕ್ಕೆ ಉಲ್ಲನ್ ಜೋತುಬೀಳುತ್ತದೆ. ನೂಲಿಗೆ ಹೇಳಿದ್ದಕ್ಕಿಂತ ಒಂದಳತೆ ಸಣ್ಣ ಕಡ್ಡಿ, ಎರಡು ಮಿಲಿಮೀಟರಿನದು. ಹೆಣಿಗೆ ಬಿಗಿಯಾಗಿ ಬರುತ್ತದೆ, ಕೈ ಮಾತ್ರ ನೋಯುತ್ತದೆ. ಬಾಯಿಯ ಹತ್ತಿರ ಒಂದು ಉದ್ದ ಕಂಬ, ಒಂದು ಸರಪಳಿ, ಒಂದು ಮನೆ ಬಿಟ್ಟು ಮತ್ತೆ ಕಂಬ. ಹೀಗೆ ಸುತ್ತಲೂ 30 ಕಿಂಡಿ. ಅವುಗಳ ಮೇಲೆ 12 ಮನೆಗೊಂದರಂತೆ ಐದು ಎಸಳು. ಪ್ರತಿ ಸಾಲಿನಲ್ಲೂ ಒಂದೇ ಬದಿಗೆ ಕಡಿಮೆ ಮಾಡುತ್ತ ಹೋದದ್ದರಿಂದ ಎಸಳುಗಳು ನಂದಿಬಟ್ಟಲಿನ ಹಾಗೇ ವಾಲಿವೆ. ಚೀಲ ಮುಚ್ಚಿದಾಗ ಮೊಗ್ಗು, ತೆರೆದಾಗ ಹೂವು. ಬಾಯಿ ಯಾವ ಕಡೆ ಅಂತ ಕಾಕು ಇನ್ನು ಹುಡುಕಬೇಕಿಲ್ಲ.

ಲಾಡಿ ಎರಡು. ಒಂದು ಎಡದಿಂದ ಹೊರಟು ಸುತ್ತಿ ಎಡಕ್ಕೇ ಬರುತ್ತದೆ, ಇನ್ನೊಂದು ಬಲದಿಂದ ಬಲಕ್ಕೆ. ತುದಿಯಲ್ಲಿ ಕುಣಿಕೆಗಳನ್ನು ದೊಡ್ಡದಾಗಿ ಬಿಟ್ಟಿದ್ದೇನೆ. ಬೆರಳು ಮಡಿಚಬೇಕಿಲ್ಲ, ಎರಡೂ ಕುಣಿಕೆಯಲ್ಲಿ ಮಣಿಕಟ್ಟು ತೂರಿಸಿ ಕೈ ಅಗಲಿಸಿದರೆ ಬಾಯಿ ಮುಚ್ಚುತ್ತದೆ. ಇದು ನನ್ನ ಜಾಣತನವಲ್ಲ, ನಿಮ್ಮ ಅಜ್ಜಿಯ ಎಲೆಯಡಿಕೆ ಸಂಚಿಯಿಂದ ಕದ್ದದ್ದು. ಚಿಕ್ಕದೇವರಾಜ ಒಡೆಯರ ಅರಮನೆಯಲ್ಲಿ ಸಂಚಿ ಹಿಡಿದ ಹೊನ್ನಮ್ಮನಿಗೆ ಆ ಕೆಲಸವೇ ಹೆಸರಾಗಿ ಅಂಟಿಕೊಂಡಿತಲ್ಲ, ಅಂಥ ಮರ್ಯಾದೆಯ ವಸ್ತು ಅದು. ಈಗ ಪೌಚ್ ಅನ್ನುತ್ತೇವೆ.

ಒಳಗೆ ಗುಳೇದಗುಡ್ಡದ ಖಣದ ಅಸ್ತರಿ ಹಾಕಿದ್ದೇನೆ, ಕಡುಗೆಂಪು. ಒಂಟಿ ಬೆಂಡೋಲೆ, ಪಿನ್ನು, ಯಾವುದೂ ಇನ್ನು ನೂಲಿಗೆ ಸಿಕ್ಕಿಕೊಳ್ಳುವುದಿಲ್ಲ. ನಾಣ್ಯದ ಕಪ್ಪು ಕೂಡ ಬಿಳಿ ನೂಲಿಗೆ ಹತ್ತುವುದಿಲ್ಲ.

ಮೊನ್ನೆ ಒಂದು ಮಾಲಿನಲ್ಲಿ ಇಷ್ಟೇ ದೊಡ್ಡ ಕ್ರೋಶಾ ಚೀಲ 150 ರೂಪಾಯಿಗೆ ತೂಗುಹಾಕಿದ್ದರು. ಈ ಒಂದಕ್ಕೆ ನನಗೆ, ಬಿಚ್ಚಿದ್ದು ಬಿಟ್ಟು, 11 ತಾಸು ಹಿಡಿಯಿತು. ಸ್ವೆಟರಿಗೆ ಯಂತ್ರ ಬಂದಿದೆ, ಕ್ರೋಶಾವನ್ನು ಇವತ್ತಿಗೂ ಕೈಯಲ್ಲೇ ಹಾಕಬೇಕು. ಪಳಗಿದ ಕೈಗೆ ನಾಲ್ಕು ತಾಸು ಅಂದುಕೊಂಡರೂ, ನೂಲು ಮತ್ತು ಅಂಗಡಿಯ ಬಾಡಿಗೆ ಕಳೆದು ಅದನ್ನು ಹಾಕಿದ ಹೆಂಗಸಿಗೆ ಉಳಿದದ್ದೇನು? ಆಂಧ್ರದ ನರಸಾಪುರದ ಕ್ರೋಶಾ ಲೇಸಿಗೆ 2024ರಲ್ಲಿ ಭೌಗೋಳಿಕ ಸೂಚಿಕೆ (ಜಿಐ), ಅಂದರೆ ಆ ಊರಿನದೇ ಎಂಬ ಗುರುತು, ಸಿಕ್ಕಿತು, ಸಂತೋಷವೇ. ಆದರೆ 150ರ ಚೀಟಿ ನೋಡಿದಾಗಿನಿಂದ ಚೌಕಾಸಿ ಮಾಡಲು ಬಾಯಿ ಬರುತ್ತಿಲ್ಲ.

ಇನ್ನು ಒಂದು ಗುಟ್ಟು. ಗೋಡೆಯ ಐದನೇ ಸುತ್ತಿನಲ್ಲಿ ಒಂದು ಮನೆ ಹಾರಿಸಿದ್ದೇನೆ, 59 ಆಗಿದೆ. ಗೊತ್ತಾಗುವಷ್ಟರಲ್ಲಿ ಮೂರು ಸುತ್ತು ಮುಂದೆ ಬಂದಿದ್ದೆ. ಬಿಚ್ಚಲು ಮನಸ್ಸಾಗದೆ ಎಂಟನೆಯದರಲ್ಲಿ ಒಂದು ಸೇರಿಸಿ ಲೆಕ್ಕ ಸರಿಮಾಡಿದೆ. ಕಣ್ಣಿಗೆ ಕಾಣುವುದಿಲ್ಲ, ನಾಲ್ಕು ಜನಕ್ಕೆ ತೋರಿಸಿ ಖಾತ್ರಿ ಮಾಡಿಕೊಂಡಿದ್ದೇನೆ. ಆದರೆ ಇದು ಹೋಗುತ್ತಿರುವುದು ಕಣ್ಣಿನ ಮುಂದಕ್ಕಲ್ಲ.

ಖಾಲಿ ಕಳಿಸಬಾರದು ಅಂತ ಒಳಗೆ 20 ರೂಪಾಯಿಯ ಒಂದು ನಾಣ್ಯ ಇಟ್ಟಿದ್ದೇನೆ. ಕೊಡುವಾಗ ಇಂಥದ್ದು ಇದೆ ಎಂದು ಹೇಳಬೇಡ, 12 ಅಂಚನ್ನು ಅವರೇ ಎಣಿಸಲಿ. ಆಮೇಲೆ ಪಕ್ಕದಲ್ಲಿ ಸುಮ್ಮನೆ ಕೂತಿರು. ಗೋಡೆಯ ಮೇಲೆ ಬೆರಳು ಓಡಿಸುತ್ತ ಒಂದು ಕಡೆ ನಿಲ್ಲಿಸಿದರೆ ಏನಾಯಿತು ಅಂತ ಕೇಳಬೇಡ. ಬೈದರೆ ಆ ಬೈಗುಳವನ್ನು ಇದ್ದ ಹಾಗೇ ಬರೆದು ಕಳಿಸು.

ನಿನ್ನ,
ಸ್ಕೋರರ್

ತಾ.ಕ.: ಅವತ್ತು ನೀನು ಔಟೇ. ಬ್ಯಾಟು ಗೆರೆಯಿಂದ ಒಂದು ಗೇಣು ಹೊರಗಿತ್ತು.