ಕೊನೆಯ ಸ್ಥಾನ ಯಾರಿಗೆ?

ಮಾನ್ಯರೇ,

ಅಮೆರಿಕದ ಅತಿ ಕೆಟ್ಟ ಅಧ್ಯಕ್ಷ ಯಾರೆಂಬ ಮಾತು ಬಂದಾಗಲೆಲ್ಲ ಇತಿಹಾಸಕಾರರ ಬೆರಳು ಹೆಚ್ಚಾಗಿ ಜೇಮ್ಸ್ ಬುಕ್ಯಾನನ್ ಕಡೆ ತಿರುಗುತ್ತದೆ. 1861ರ ಮಾರ್ಚ್‌ನಲ್ಲಿ ಲಿಂಕನ್ ಅಧಿಕಾರ ವಹಿಸಿಕೊಳ್ಳುವಷ್ಟರಲ್ಲಿ, ಅವರಿಗಿಂತ ಮೊದಲಿನ ಅಧ್ಯಕ್ಷ ಬುಕ್ಯಾನನ್ ಕಣ್ಣೆದುರೇ ಏಳು ರಾಜ್ಯಗಳು ಒಕ್ಕೂಟ ಬಿಟ್ಟು ಹೊರನಡೆದಿದ್ದವು. ಬೇರ್ಪಡುವುದು ತಪ್ಪು, ಆದರೆ ತಡೆಯುವ ಅಧಿಕಾರ ನಮಗಿಲ್ಲ ಎಂದು ಕೈಚೆಲ್ಲಿ ಕುಳಿತವರು ಅವರು.

ಆದರೂ ನನ್ನ ಲೆಕ್ಕದಲ್ಲಿ ಕೊನೆಯ ಸ್ಥಾನ ಆಂಡ್ರ್ಯೂ ಜಾನ್ಸನ್‌ಗೆ ಸಲ್ಲಬೇಕು. ಬುಕ್ಯಾನನ್ ಮಾಡಬೇಕಾದ್ದನ್ನು ಮಾಡಲಿಲ್ಲ. ಲಿಂಕನ್ ಹತ್ಯೆಯ ನಂತರ ಬಂದ ಜಾನ್ಸನ್ ಆಗುತ್ತಿದ್ದ ಒಳ್ಳೆಯದಕ್ಕೆ ಅಡ್ಡಗಾಲು ಹಾಕಿದರು. ಗುಲಾಮಗಿರಿಯಿಂದ ಬಿಡುಗಡೆಯಾದ ಕಪ್ಪು ಜನರಿಗೆ ಪೌರತ್ವ ಕೊಡುವ 1866ರ ಮಸೂದೆಗೆ ಅಂಕಿತ ಹಾಕದೆ ಹಿಂದಿರುಗಿಸಿದರು. ಸಂಸತ್ತು ಅದನ್ನು ಮೀರಿ ಕಾಯ್ದೆ ಮಾಡಬೇಕಾಯಿತು. 1868ರ ಮಹಾಭಿಯೋಗದಲ್ಲಿ (ಅಧ್ಯಕ್ಷರನ್ನು ಪದಚ್ಯುತಗೊಳಿಸಲು ನಡೆಯುವ ವಿಚಾರಣೆ) ಅವರ ಕುರ್ಚಿ ಉಳಿದದ್ದು ಒಂದೇ ಒಂದು ಮತದಿಂದ!

ಇತಿಹಾಸಕಾರರು ಅಧ್ಯಕ್ಷರಿಗೆ ಕೊಡುವ ಈ ಶ್ರೇಯಾಂಕಗಳೂ ಕಲ್ಲಿನ ಮೇಲೆ ಕೆತ್ತಿದವಲ್ಲ. ಸಿ-ಸ್ಪ್ಯಾನ್ ವಾಹಿನಿಯ ಸಮೀಕ್ಷೆಯಲ್ಲಿ 2000ದಲ್ಲಿ 33ನೆಯವರಾಗಿದ್ದ ಅಧ್ಯಕ್ಷ ಯುಲಿಸಿಸ್ ಗ್ರಾಂಟ್ 2021ರಲ್ಲಿ 20ಕ್ಕೆ ಏರಿದರು. ಮೂಲನಿವಾಸಿಗಳನ್ನು ಒಕ್ಕಲೆಬ್ಬಿಸಿದ ಆಂಡ್ರ್ಯೂ ಜಾಕ್ಸನ್ 13ರಿಂದ 22ಕ್ಕೆ ಇಳಿದರು. (ಇನ್ನೂ ಇಳಿಯಬೇಕಿತ್ತು ಎನ್ನುವವನು ನಾನು.)

ಇನ್ನು, 1841ರಲ್ಲಿ ಬರೀ 31 ದಿನ ಅಧ್ಯಕ್ಷರಾಗಿದ್ದು ತೀರಿಕೊಂಡ ವಿಲಿಯಂ ಹೆನ್ರಿ ಹ್ಯಾರಿಸನ್ ಅವರನ್ನೂ ಪಟ್ಟಿಯ ತಳದಲ್ಲಿ ಕೂರಿಸುತ್ತಾರಲ್ಲ, ಅದು ಪರೀಕ್ಷೆಗೆ ಕೂರದವನಿಗೆ ಸೊನ್ನೆ ಕೊಟ್ಟ ಹಾಗೆ. ಪಾಪ, ಅವರನ್ನು ಪಟ್ಟಿಯಿಂದಲೇ ಕೈಬಿಡಲಿ.

– ನಿವೃತ್ತ ಇತಿಹಾಸ ಅಧ್ಯಾಪಕ, ಶಿವಮೊಗ್ಗ